ಕಿವಿ ಮಿಸ್ತ್ರಿಯ ಕಾರ್ಬೋರೇಟರ್

೬ ಜನವರಿ ೨೦೨೫, ಸೋಮವಾರ

ವ್ಯಾನು ಸತ್ತು ಇವತ್ತಿಗೆ ಹನ್ನೊಂದು ದಿನ. ರಾಣೆಬೆನ್ನೂರಿನಿಂದ ತೌಹೀದ ಬಂದು ಲ್ಯಾಪ್‌ಟಾಪ್ ಹಚ್ಚಿ ನೋಡಿದ. ಸೀಟಿನ ಕೆಳಗೆ ಇಲಿ ಗೂಡು ಕಟ್ಟಿದೆ. ವೈರು ಕಡಿದಿದೆ, ಕಡಿದ ವೈರು ಒಂದಕ್ಕೊಂದು ತಾಗಿ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ನಡೆಸುವ ಕಂಪ್ಯೂಟರ್ ಡಬ್ಬಿ ಸುಟ್ಟಿದೆ. ಮೆಣಸಿನಕಾಯಿ ಸಾಗಿಸುವ ಗಾಡಿ, ಘಾಟಿಗೆ ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಮ್ಮ ಸೀಮೆಯ ಇಲಿಗಳು ಹುಟ್ಟಿದ್ದೇ ಮೆಣಸಿನಕಾಯಿ ತಿಂದು ಎಂಬುದು ನನಗೆ ಹೊಳೆಯಲಿಲ್ಲ.

ಇಪ್ಪತ್ತುನಾಲ್ಕು ವರ್ಷದ ಗಾಡಿ. ಆ ಡಬ್ಬಿ ಈಗ ಸಿಗುವುದಿಲ್ಲವಂತೆ.

"ಗುಜರಿಗೆ ಹಾಕಿಬಿಡ್ರಿ ಉಸ್ತಾದ್," ಎಂದ ತೌಹೀದ.

"ಇಂಜೆಕ್ಷನ್ ಕಿತ್ತು ಒಗೀತೇನಿ. ಕಾರ್ಬೋರೇಟರ್ ಹಾಕತೇನಿ," ಎಂದೆ.

"ಈ ಜಮಾನಾದಾಗ ಕಾರ್ಬೋರೇಟರ್ ಟ್ಯೂನ್ ಮಾಡವ್ರು ಯಾರದಾರ್ರಿ?"

"ಯಾಕಲೇ, ನಾ ಇನ್ನೂ ಅದೀನಿ."

ನನ್ನ ಕೈಯಲ್ಲೇ ಕೆಲಸ ಕಲಿತವನು ಅವನು. ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂರಲ್ಲಿ ಕನಕಪ್ಪ ಎಂದರೆ ಯಾವ ಕನಕಪ್ಪ ಎಂದು ಕೇಳುತ್ತಾರೆ. ಕಿವಿ ಮಿಸ್ತ್ರಿ ಎಂದರೆ ಸಾಕು. ಗ್ಯಾರೇಜಿನ ಮುಂದೆ ಹಾದುಹೋಗುವ ಗಾಡಿಯ ಸದ್ದು ಕೇಳಿಯೇ ಎಷ್ಟನೇ ವಾಲ್ವು ಸಡಿಲ ಎಂದು ಹೇಳುತ್ತಿದ್ದೆ. ಆಮೇಲೆ ಇಂಜೆಕ್ಷನ್ ಬಂತು, ಸ್ಕ್ಯಾನರ್ ಬಂತು, ಕಿವಿಗೆ ಕೆಲಸವಿಲ್ಲದಾಯಿತು. ಎಂಟು ವರ್ಷದ ಹಿಂದೆ ಹಾವೇರಿಯ ಗ್ಯಾರೇಜಿಗೆ ಶಟರ್ ಎಳೆದು ಕರ್ಜಗಿಗೆ ಬಂದು ಕೂತೆ.

ನನ್ನ ಹೆಂಡತಿ ಉಚ್ಚಂಗೆವ್ವ ಖಾರದ ಪುಡಿ ಮಾಡಿ ಹಾವೇರಿಯ ಅಂಗಡಿಗಳಿಗೆ ಹಾಕುತ್ತಾಳೆ. ಫೆಬ್ರವರಿ ಮಧ್ಯದೊಳಗೆ ಬ್ಯಾಡಗಿಯಿಂದ ವರ್ಷದ ಕಾಯಿ ತರಬೇಕು. ಬಾಡಿಗೆ ಟೆಂಪೋ ಮಾಡೋಣ ಎಂದಳು. ಕಿವಿ ಮಿಸ್ತ್ರಿಯ ಹೆಂಡತಿ ಬಾಡಿಗೆ ಟೆಂಪೋದಲ್ಲಿ ಕಾಯಿ ತಂದರೆ ನನ್ನ ಹೆಸರು ಎಲ್ಲಿ ಉಳಿಯಿತು? ಈ ವ್ಯಾನನ್ನು ನಾನೇ ಬಿಚ್ಚಿ, ನಾನೇ ಜೋಡಿಸಿ, ನನ್ನ ಕಿವಿಯಿಂದಲೇ ಟ್ಯೂನ್ ಮಾಡಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಯಾರ್ಡಿಗೆ ಹೊಡೆಯುತ್ತೇನೆ. ಆಗದಿದ್ದರೆ ಆ ಹೆಸರು ನನಗೆ ಬೇಡ.

೯ ಜನವರಿ, ಗುರುವಾರ

ರಾಣೆಬೆನ್ನೂರಿಗೆ ಹೋಗಿದ್ದೆ. ಗುಜರಿ ಅಂಗಡಿಯಲ್ಲಿ ಅಪಘಾತವಾದ ಹಳೆಯ ವ್ಯಾನಿನ ಇಂಜಿನ್ ಬಿದ್ದಿತ್ತು, ಕಾರ್ಬೋರೇಟರ್ ಕಾಲದ್ದು. ಅದರ ಮೇಲ್ಭಾಗದ ಹೆಡ್ಡು, ಗಾಳಿ ಹೋಗುವ ಮ್ಯಾನಿಫೋಲ್ಡು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಕಾರ್ಬೋರೇಟರ್, ಎಲ್ಲಾ ಒಂದೇ ಕಡೆ ಸಿಕ್ಕವು. ಕಾರ್ಬೋರೇಟರಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಪರವಾಗಿಲ್ಲ, ಇಲಿಗಿಂತ ಕಣಜ ಮೇಲು.

ತೌಹೀದನ ಗ್ಯಾರೇಜಿನಲ್ಲಿ ಚಹಾ ಕುಡಿದೆ. ಈಗ ಅವನ ಹತ್ತಿರ ಆರು ಜನ ಕೆಲಸ ಮಾಡುತ್ತಾರೆ. ಎಲ್ಲರೂ ಪಿಸುಪಿಸು ಮಾತಾಡುತ್ತಾರೆ, ಬಾಯಿಯೊಳಗೆ ಎಲೆ ಅಡಿಕೆ ಇಟ್ಟುಕೊಂಡವರ ಹಾಗೆ. ನಮ್ಮ ಕಾಲದ ಗ್ಯಾರೇಜಿನಲ್ಲಿ ಮಾತೆಂದರೆ ಮಾತು, ಬೈಗುಳವೆಂದರೆ ಬೈಗುಳ. ತೌಹೀದ ಎರಡು ಸಲ ಏನೋ ಅಂದ, ನಾನು ತಲೆ ಆಡಿಸಿದೆ. ಮೂರನೆಯ ಸಲ ತಿಳಿಯಿತು, ಟೈಮಿಂಗ್ ಲೈಟ್ ಒಯ್ಯುತ್ತೀರಾ ಎಂದು ಕೇಳುತ್ತಿದ್ದ. ಕಿಡಿ ಯಾವ ಗಳಿಗೆಯಲ್ಲಿ ಹಾರುತ್ತದೆ ಎಂದು ಬೆಳಕು ಬಿಟ್ಟು ತೋರಿಸುವ ಯಂತ್ರ.

"ಲೈಟು ಕಿವುಡರಿಗೆ," ಎಂದೆ. ಎಲ್ಲರೂ ನಕ್ಕರು.

೧೩ ಜನವರಿ, ಸೋಮವಾರ

ಇಂಜೆಕ್ಷನ್ ಪೂರ್ತಿ ಹೊರಗೆ ಬಂತು. ಮೂರು ಇಂಜೆಕ್ಟರ್, ಒಂದು ಮೊಳ ಪೈಪು, ಎಂಟೋ ಒಂಬತ್ತೋ ಸೆನ್ಸರು, ಒಂದು ಬುಟ್ಟಿ ವೈರು. ಟ್ಯಾಂಕಿನೊಳಗಿನ ಪಂಪನ್ನೂ ತೆಗೆದೆ. ಅದು ಪೆಟ್ರೋಲನ್ನು ಬಹಳ ಜೋರಾಗಿ ಒತ್ತುತ್ತದೆ. ಕಾರ್ಬೋರೇಟರಿಗೆ ಅಷ್ಟು ಒತ್ತಡ ಕೊಟ್ಟರೆ ಉಕ್ಕಿ ಇಂಜಿನ್ ಮೇಲೆಲ್ಲ ಸುರಿಯುತ್ತದೆ. ಅದರ ಬದಲು ಇಂಜಿನ್ನಿನಿಂದಲೇ ನಡೆಯುವ ಹಳೇ ಸಣ್ಣ ಪಂಪು ಸಾಕು. ಗಾಡಿಯ ಕಾಗದಪತ್ರ ಬದಲಿಸುವ ಕೆಲಸವನ್ನು ಹಾವೇರಿಯ ಆರ್‌ಟಿಓ ಏಜೆಂಟನಿಗೆ ಹೇಳಿದ್ದೇನೆ.

ನಾಳೆ ಸಂಕ್ರಾಂತಿ. ಉಚ್ಚಂಗೆವ್ವ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಾ ಕೂತಿದ್ದಾಳೆ. ಇವಳಿಗೆ ವಯಸ್ಸಾದ ಹಾಗೆ ಬಾಯಿ ದೊಡ್ಡದಾಗುತ್ತಿದೆ. ಊಟಕ್ಕೆ ಕರೆಯುವುದೂ ಒದರಿಯೇ. ಮೊದಲು ಹೀಗಿರಲಿಲ್ಲ. ಊರವರೆಲ್ಲ ಪಿಸುಗುಟ್ಟುತ್ತಾರೆ, ಇವಳೊಬ್ಬಳು ಒದರುತ್ತಾಳೆ. ನಡುವೆ ಸರಿಯಾಗಿ ಮಾತಾಡುವವರು ಯಾರೂ ಉಳಿದಿಲ್ಲ.

೧೭ ಜನವರಿ, ಶುಕ್ರವಾರ

ಉಚ್ಚಂಗೆವ್ವ ಕುಕ್ಕರ್ ಇಟ್ಟು, ಮೂರು ಸೀಟಿಗೆ ಒಲೆ ಆರಿಸಿ ಎಂದು ಹೇಳಿ ಹಿಟ್ಟಿನ ಗಿರಣಿಗೆ ಹೋದಳು. ನಾನು ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಜೆಟ್ ತೊಳೆಯುತ್ತಿದ್ದೆ. ಪೆಟ್ರೋಲ್ ಸಿಂಪಡಿಸುವ ಹಿತ್ತಾಳೆಯ ಸಣ್ಣ ತೂತಿನ ಬಿಲ್ಲೆಗಳು, ಕೂದಲೆಳೆ ಕಸ ಸಿಕ್ಕರೂ ಇಂಜಿನ್ ಕೆಮ್ಮುತ್ತದೆ. ಅನ್ನ ಪೂರ್ತಿ ಸೀದುಹೋಯಿತು. ಕುಕ್ಕರ್ ಒಂದೂ ಸೀಟಿ ಹೊಡೆದಿರಲಿಲ್ಲ. ಅವಳು ಬಂದು ಪಾತ್ರೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಮತ್ತೆ ಅಕ್ಕಿ ತೊಳೆಯಲು ನಿಂತಳು.

ಸೀಟಿ ಕೆಟ್ಟಿದೆ. ಹಾವೇರಿಗೆ ಹೋದಾಗ ಹೊಸದು ತರಬೇಕು.

೨೧ ಜನವರಿ, ಮಂಗಳವಾರ

ಎಲ್ಲಾ ಜೋಡಿಸಿಯಾಯಿತು. ಹತ್ತಲಿಲ್ಲ. ಬೆನ್ನು ನೋವು.

೨೩ ಜನವರಿ, ಗುರುವಾರ

ಹತ್ತಿತು!

ಪೈಪಿನಲ್ಲಿ ಗಾಳಿ ಸೇರಿತ್ತು. ಚೋಕ್ ಎಳೆದು ನಾಲ್ಕನೆಯ ಸಲಕ್ಕೆ ಕೀಲಿ ತಿರುವಿದಾಗ ಒಮ್ಮೆ ಗುರ್ ಎಂದು, ನಿಂತು, ಮತ್ತೆ ಹಿಡಿಯಿತು. ಕಣ್ಣಲ್ಲಿ ನೀರು ಬಂತು. ಪೆಟ್ರೋಲ್ ಹೊಗೆಗೆ ಎಂದು ಉಚ್ಚಂಗೆವ್ವನಿಗೆ ಹೇಳಿದೆ. ಎಂಟು ವರ್ಷದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಸ್ಲೋ, ಅಂದರೆ ಗಾಡಿ ನಿಂತಾಗಿನ ಇಂಜಿನ್ ವೇಗ, ಕೂರಿಸಿದೆ. ಆಮೇಲೆ ಡಿಸ್ಟ್ರಿಬ್ಯೂಟರನ್ನು ಹಿಡಿದು ಕೂದಲಷ್ಟು ಕೂದಲಷ್ಟು ತಿರುವಿ ಟೈಮಿಂಗ್ ಇಟ್ಟೆ. ಮುಂದೆ ತಿರುವಿದಷ್ಟೂ ಇಂಜಿನ್ ಚುರುಕಾಗುತ್ತದೆ. ಹೆಚ್ಚಾದರೆ ಏರಿನಲ್ಲಿ ಕಟಕಟ ಬಡಿಯುತ್ತದೆ. ಬಡಿತ ಶುರುವಾಗುವ ಜಾಗ ಹುಡುಕಿ, ಅದಕ್ಕಿಂತ ಒಂದು ಕೂದಲು ಹಿಂದೆ ನಿಲ್ಲಿಸಬೇಕು. ಅದೇ ಕಿವಿಯ ಕೆಲಸ. ತಿರುವಿದೆ, ಏರು ಹತ್ತಿಸಿದೆ, ಮತ್ತೆ ತಿರುವಿದೆ, ಬಡಿತ ಬರಲೇ ಇಲ್ಲ. ಇಷ್ಟು ಒಳ್ಳೆಯ ಇಂಜಿನ್ ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ.

ಉಚ್ಚಂಗೆವ್ವನನ್ನು ಕೂರಿಸಿಕೊಂಡು ಊರ ಹೊರಗಿನ ಏರಿನವರೆಗೆ ಹೋಗಿಬಂದೆ. ಬೆಣ್ಣೆ. ಅವಳ ಮುಖ ಮಾತ್ರ ಹುಳ್ಳಗಾಯಿತು.

"ಒಳಗ ಏನೋ ಸಾಸಿವಿ ಸಿಡಿದಂಗ ಆಗತೈತಲ್ರೀ!" ಎಂದು ಒದರಿದಳು.

"ನೀ ಒಗ್ಗರಣಿ ನೋಡ್ಕೋ. ಇಂಜಿನ್ ನನಗ ಬಿಡು," ಎಂದೆ.

೨೭ ಜನವರಿ, ಸೋಮವಾರ

ಒಬ್ಬನೇ ಬ್ಯಾಡಗಿಗೆ ಹೋಗಿಬಂದೆ. ಮೆಣಸಿನಕಾಯಿ ದಲ್ಲಾಳಿ ಪ್ರಭುಲಿಂಗಪ್ಪನವರಿಗೆ ಗಾಡಿ ತೋರಿಸಿ, ಮುಂದಿನ ವಾರ ಕಾಯಿ ಒಯ್ಯಲು ಬರುತ್ತೇವೆ ಎಂದು ಹೇಳುವುದಿತ್ತು. ಸೋಮವಾರದ ಸಂತೆ, ಯಾರ್ಡೆಲ್ಲ ಕೆಂಪು. ನಾನು ಗೇಟಿನ ಏರು ಹತ್ತಿ ಒಳಗೆ ಬರುವಾಗ ಚೀಲ ಹೊತ್ತ ಹಮಾಲರು ಹಾಗೇ ನಿಂತು ತಿರುಗಿ ನೋಡಿದರು. ಪ್ರಭುಲಿಂಗಪ್ಪನವರೂ ಅಂಗಡಿಯಿಂದ ಹೊರಗೆ ಬಂದರು.

"ಹೆಂಗೈತ್ರಿ?" ಎಂದೆ.

ಅವರು ಸ್ವಲ್ಪ ತಡೆದು, "ನೀವು ಮಾಡಿದ್ದು ಅಂದ ಮ್ಯಾಲ ಮುಗೀತು ಬಿಡ್ರಿ," ಎಂದರು. ಚಹಾ ತರಿಸಿದರು. ಹಮಾಲರೂ ಏನೂ ಅನ್ನಲಿಲ್ಲ. ಹಳೆಯ ಗಾಡಿಗೆ ಜೀವ ಬಂದದ್ದು ನೋಡಿದರೆ ಯಾರಿಗಾದರೂ ಮಾತು ನಿಲ್ಲುತ್ತದೆ. ಬಹಳ ದಿನದ ಮೇಲೆ ಎದೆ ತುಂಬಿತು.

೩೦ ಜನವರಿ, ಗುರುವಾರ

ಬರೆಯಬಾರದು ಎಂದುಕೊಂಡೆ. ಆದರೆ ಯಾರಿಗಾದರೂ ಹೇಳಲೇಬೇಕು, ಈ ಡೈರಿಯೇ ಆಗಲಿ.

ತೌಹೀದ ಗಾಡಿ ನೋಡಲು ಬಂದಿದ್ದ. ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಹೈವೇ ಮೇಲಿನ ಬ್ರಿಜ್ಜು ಹತ್ತಿಸಿದ. ಹತ್ತುವಾಗ ನನ್ನ ಮುಖ ನೋಡಿ ಸಣ್ಣಗೆ ನಕ್ಕ. ಬ್ರಿಜ್ಜು ಇಳಿದ ಮೇಲೆ ಗಾಡಿ ಬದಿಗೆ ನಿಲ್ಲಿಸಿ, ಪೂರ್ತಿ ನನ್ನ ಕಡೆ ತಿರುಗಿ ಕೂತು ಹೇಳಿದ:

"ಉಸ್ತಾದ್, ನಿಮ್ಮ ಪರೀಕ್ಷಾ ಇನ್ನೂ ಬಿಟ್ಟಿಲ್ಲ ನೀವು! ಟೈಮಿಂಗ್ ಮುಂದ ಇಟ್ಟೀರಿ. ನಾಲ್ಕು ಡಿಗ್ರಿ, ಇಲ್ಲಾ ಐದು. ಏರಿನ್ಯಾಗ ಹೆಂಗ ಬಡಿಯಾಕತ್ತಿತ್ತು ಅಂದ್ರ, ಮನಿಗೆ ಹೋಗಿ ಮಲಕ್ಕೊಂಡವ್ರೂ ಎದ್ದು ಬರಬೇಕು. ಹೇಳ್ರಿ, ಪಾಸೋ ಫೇಲೋ?"

ಗ್ಯಾರೇಜಿನಲ್ಲಿ ನನಗೊಂದು ಪದ್ಧತಿ ಇತ್ತು. ಕಲಿಯುವವರು ಊಟಕ್ಕೆ ಹೋದಾಗ ಸರಿಯಿದ್ದ ಗಾಡಿಯಲ್ಲಿ ಏನಾದರೊಂದು ಕೆಡಿಸಿಡುವುದು. ಒಂದು ಸ್ಕ್ರೂ, ಒಂದು ವೈರು, ಹೆಚ್ಚಾಗಿ ಟೈಮಿಂಗ್. ಬಂದ ಮೇಲೆ ಸ್ಟಾರ್ಟ್ ಮಾಡಿ ಏನು ಕೆಟ್ಟಿದೆ ಎಂದು ಕೇಳುವುದು. ಹೇಳದವನಿಗೆ ಸ್ಪ್ಯಾನರ್ ಹಿಡಿಯಲು ಕೊಡುತ್ತಿರಲಿಲ್ಲ. ತೌಹೀದ ಬಹಳ ಸಲ ಫೇಲಾಗಿದ್ದ. ಈಗಲೂ ನಾನು ಅದನ್ನೇ ಮಾಡಿದ್ದೇನೆ ಎಂದು ಅವನು ತಿಳಿದುಕೊಂಡ. ಕಿವಿ ಮಿಸ್ತ್ರಿಗೆ ಆ ಬಡಿತ ಕೇಳಿಸಲಿಲ್ಲ ಎಂಬುದು ಅವನ ಕನಸಿನಲ್ಲೂ ಬರಲಾರದು.

ನನಗೆ ಏನೂ ಕೇಳಿಸಿರಲಿಲ್ಲ. ಇಂಜಿನ್ನಿನ ಗುಂಯ್ ಒಂದೇ.

"ಪಾಸ್," ಎಂದೆ.

ನಲವತ್ತೆರಡು ವರ್ಷದ ಗಂಡಸು, ಆರು ಜನರ ಯಜಮಾನ, ಅಲ್ಲೇ ಫೋನು ತೆಗೆದು ತನ್ನ ತಾಯಿ ಅಮೀರಬಿಗೆ ಹೇಳಿದ, ಉಸ್ತಾದ್ ಪಾಸ್ ಮಾಡಿದರು ಎಂದು. ತಿರುವಿ ಸರಿ ಮಾಡಲೇ ಎಂದು ಕೇಳಿದ. ಬೇಡ, ನಾನೇ ಮಾಡುತ್ತೇನೆ ಎಂದೆ.

ಹೇಗೆ ಮಾಡುವುದು? ಹೀಗೇ ಓಡಿಸಿದರೆ ಪಿಸ್ಟನ್ ತೂತು ಬೀಳುತ್ತದೆ. ಬಹಳ ಹಿಂದೆ ತಿರುವಿದರೆ ಆರು ಚೀಲ ಹೇರಿಕೊಂಡು ಏರು ಹತ್ತುವುದಿಲ್ಲ. ಬ್ಯಾಡಗಿಯ ಹಮಾಲರು ಯಾಕೆ ನಿಂತು ನೋಡಿದರು ಎಂದು ಈಗ ತಿಳಿಯಿತು. ಕುಕ್ಕರಿಗೆ ತಂದ ಹೊಸ ಸೀಟಿಯೂ ಹೊಡೆಯುವುದಿಲ್ಲ ಎಂದುಕೊಂಡಿದ್ದೆ. ನನಗೆ ಭಯವಾಗುತ್ತಿದೆ.

೩೧ ಜನವರಿ, ಶುಕ್ರವಾರ

ಗಾಡಿ ಮುಟ್ಟಲಿಲ್ಲ.

೪ ಫೆಬ್ರವರಿ, ಮಂಗಳವಾರ

ಉಚ್ಚಂಗೆವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡು ಬಿಡಿಸತೊಡಗಿದೆ. ಈ ಕೆಲಸಕ್ಕೆ ನಾನು ಎಂದೂ ಕೂತವನಲ್ಲ. ಅವಳು ಮೊರವನ್ನು ನಡುವೆ ಸರಿಸಿದಳು. ಅರ್ಧ ಮೊರ ಆದ ಮೇಲೆ ನಾನೇ ಹೇಳಿದೆ.

"ನನಗ ಕೇಳವಲ್ದು."

"ಗೊತ್ತೈತಿ," ಎಂದಳು. ಕೈ ನಿಲ್ಲಿಸಲಿಲ್ಲ.

"ಎಂದಿನಿಂದ ಗೊತ್ತೈತಿ?"

"ಎರಡು ವರ್ಸಾತು ನಾ ಒದರಿ ಒದರಿ ಮಾತಾಡಾಕತ್ತು. ಓಣ್ಯಾಗಿನ ಮಂದಿ ನಮ್ಮಿಬ್ಬರದೂ ದಿನಾ ಜಗಳ ಅಂತ ತಿಳಕೊಂಡಾರ. ಮೊನ್ನೆ ಬಾಜೂಮನಿ ಮೀನಾಕ್ಷಿ ಬಂದು, ಯಾಕವ್ವಾ, ಈ ವಯಸ್ಸಿನ್ಯಾಗ ಹೊಂದಿಕೊಂಡು ಹೋಗಬಾರದಾ ಅಂತ ಬುದ್ಧಿ ಹೇಳಿ ಹೋದ್ಲು."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ನಲ್ಲಾ. ನಿಮಗ ಕೇಳಲಿಲ್ಲ."

ಇಬ್ಬರೂ ನಕ್ಕೆವು. ನಗುತ್ತಾ ಖಾರದ ಕೈಯಲ್ಲಿ ಕಣ್ಣು ಒರೆಸಿಕೊಂಡುಬಿಟ್ಟೆ. ಆಮೇಲೆ ಅರ್ಧ ಗಂಟೆ ಅವಳು ಕಣ್ಣಿಗೆ ನೀರು ಹೊಡೆಯುತ್ತಾ, ನಾನು ಅಳುತ್ತಾ ಹಿತ್ತಲಿನಲ್ಲಿ ನಿಂತಿದ್ದೆವು. ಎಷ್ಟು ಖಾರದ ನೀರು, ಎಷ್ಟು ಖರೇ ನೀರು ಎಂದು ಅವಳು ಲೆಕ್ಕ ಕೇಳಲಿಲ್ಲ. ಮೀನಾಕ್ಷಿ ಗೋಡೆಯ ಮೇಲಿಂದ ಇಣುಕಿ ನೋಡಿ ಒಳಗೆ ಹೋದಳು.

೭ ಫೆಬ್ರವರಿ, ಶುಕ್ರವಾರ

ಹಾವೇರಿಯಲ್ಲಿ ಕಿವಿ ಡಾಕ್ಟರ್ ಹತ್ತಿರ ಹೋಗಿದ್ದೆವು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅವರು ಇನ್ನೂ ಶುರು ಮಾಡಿಲ್ಲ ಎಂದುಕೊಂಡಿದ್ದೆ. ಹೊರಗೆ ಬಂದ ಮೇಲೆ ತಿಳಿಯಿತು, ಪರೀಕ್ಷೆ ಅರ್ಧ ಮುಗಿದಿತ್ತು.

ದಪ್ಪ ಸದ್ದು ಕೇಳಿಸುತ್ತದಂತೆ, ಸಣ್ಣ ಚೂಪು ಸದ್ದು ಹೋಗಿಬಿಟ್ಟಿದೆಯಂತೆ. ಅದಕ್ಕೇ ಸ್ಲೋ ಸರಿಯಾಗಿ ಕೂರಿಸಿದೆ, ಬಡಿತ ಸಿಗಲಿಲ್ಲ. "ನಲವತ್ತು ವರ್ಷ ಇಂಜಿನ್ ಹತ್ತಿರ ಕಿವಿ ಒಡ್ಡಿದ್ದೀರಿ, ಅದರ ಫಲ ಇದು," ಎಂದರು ಡಾಕ್ಟರು. ಯಾವುದರಿಂದ ಹೆಸರು ಬಂತೋ ಅದೇ ತಿಂದುಹಾಕಿತು. ಕಿವಿಗೆ ಮಷೀನು ಬರಲು ಒಂದು ತಿಂಗಳು ಬೇಕು. ಬಸ್ಸಿನಲ್ಲಿ ಉಚ್ಚಂಗೆವ್ವ ಕಿಟಕಿಯ ಕಡೆ ಕೂತಿದ್ದವಳು ಎದ್ದು, ನನ್ನ ಎಡಕ್ಕೆ ಬಂದು ಕೂತಳು. ಎಡಗಿವಿ ಸ್ವಲ್ಪ ವಾಸಿ ಎಂದು ಡಾಕ್ಟರು ಹೇಳಿದ್ದರು. ಕರ್ಜಗಿ ಬರುವವರೆಗೆ ಏನೇನೋ ಮಾತಾಡಿದಳು, ಒದರಲಿಲ್ಲ, ಸುಮಾರು ಕೇಳಿಸಿತು. ಅವಳ ತಂಗಿಯ ಮೊಮ್ಮಗಳಿಗೆ ಹಲ್ಲು ಬಂದಿದೆ. ಈ ಸಲದ ಕಾಯಿಗೆ ಬಣ್ಣ ಕಡಿಮೆ ಇದೆಯಂತೆ.

೯ ಫೆಬ್ರವರಿ, ಭಾನುವಾರ

ತೌಹೀದನ ಲೈಟ್ ತರಬಹುದಿತ್ತು. ಲೈಟು ತೋರಿಸುವುದು ಪುಸ್ತಕದ ಅಳತೆ. ಈ ಹೆಡ್ಡು ಗುಜರಿಯದು, ಕಾರ್ಬೋರೇಟರ್ ಕಣಜದ್ದು, ಇದಕ್ಕೆ ಪುಸ್ತಕವಿಲ್ಲ. ಏರಿನಲ್ಲಿ ಕೇಳಿಯೇ ನಿಲ್ಲಿಸಬೇಕು. ಬೆಳಿಗ್ಗೆ ಚಹಾ ಕುಡಿಯುವಾಗ ಉಚ್ಚಂಗೆವ್ವನಿಗೆ ಹೇಳಿದೆ:

"ಆವತ್ತು ಸಾಸಿವಿ ಸಿಡಿದಂಗ ಅಂದ್ಯಲ್ಲ, ಅದು ಮತ್ತ ಕೇಳಿದ್ರ ಹೇಳತೀಯೇನು?"

"ಒಗ್ಗರಣಿ ನೋಡ್ಕೋ ಅಂದಿದ್ರಿ."

"ತಪ್ಪಾತು ಮಾರಾಯ್ತಿ. ಗಾಡಿ ಹತ್ತು."

ಆರು ಚೀಲದ ತೂಕಕ್ಕೆ ಹಿಂದೆ ಕಲ್ಲು ಹೇರಿದೆ. ಊರ ಹೊರಗಿನ ಏರಿಗೆ ಹನ್ನೊಂದು ಸಲ ಹತ್ತಿಸಿದೆ. ಹತ್ತುವಾಗ ಅವಳು ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ. ಸಿಡಿದರೆ ನನ್ನ ತೋಳಿಗೆ ತಟ್ಟುತ್ತಾಳೆ. ಇಳಿದು, ಸೀಟು ಎತ್ತಿ, ಡಿಸ್ಟ್ರಿಬ್ಯೂಟರನ್ನು ಕೂದಲಷ್ಟು ಹಿಂದೆ ತಿರುವುತ್ತೇನೆ. ಮತ್ತೆ ಏರು. ಏಳನೆಯ ಸಲ, "ಈಗ ಸಾಸಿವಿ ಅಲ್ಲ, ಜೀರಗಿ," ಎಂದಳು. ಒಂಬತ್ತನೆಯ ಸಲ, "ತುದ್ಯಾಗ ಎರಡ ಎರಡು ಕಾಳು." ಹತ್ತನೆಯ ಸಲ ತಟ್ಟಲೇ ಇಲ್ಲ. ನನಗೆ ನಂಬಿಕೆಯಾಗದೆ ಇನ್ನೊಮ್ಮೆ ಹತ್ತಿಸಿದೆ. ತಟ್ಟಲಿಲ್ಲ.

ನನ್ನ ಕೈಕೆಳಗೆ ಮೂವತ್ತು ಜನ ಕಲಿತಿದ್ದಾರೆ. ಸಾಸಿವೆಗೂ ಜೀರಿಗೆಗೂ ವ್ಯತ್ಯಾಸ ಹೇಳಿದವರು ಒಬ್ಬರೂ ಇರಲಿಲ್ಲ. ಬೋಲ್ಟ್ ಬಿಗಿದು ಮನೆಗೆ ಬಂದೆವು. ಸಂಜೆ ತೌಹೀದನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅದು ಪರೀಕ್ಷೆಯಾಗಿರಲಿಲ್ಲ ಎಂದು. ಬಹಳ ಹೊತ್ತು ಅವನ ದನಿ ಬರಲಿಲ್ಲ. ನನಗೆ ಕೇಳಿಸಲಿಲ್ಲವೋ, ಅವನು ಮಾತಾಡಲಿಲ್ಲವೋ ತಿಳಿಯದೆ ಉಚ್ಚಂಗೆವ್ವನ ಕೈಗೆ ಫೋನು ಕೊಟ್ಟೆ. "ಅಳಾಕತ್ತಾನ್ರಿ," ಎಂದಳು. ಅವಳೇ ಸಮಾಧಾನ ಹೇಳಿದಳು.

೧೩ ಫೆಬ್ರವರಿ, ಗುರುವಾರ

ಬ್ಯಾಡಗಿಗೆ ಹೋಗಿ ಕಾಯಿ ತಂದೆವು.

ಯಾರ್ಡಿನಲ್ಲಿ ಪ್ರಭುಲಿಂಗಪ್ಪನವರು ತಮ್ಮ ಟೆಂಪೋದ ಬಾನೆಟ್ ಎತ್ತಿಸಿ, "ಮಿಸ್ತ್ರೀ, ಒಂದೀಟು ಕೇಳ್ರಿ, ಏನೋ ಕಿರ್ ಅಂತೈತಿ," ಎಂದರು. ಸುತ್ತ ಹಮಾಲರಿದ್ದರು, ಎರಡು ಅಂಗಡಿಯವರಿದ್ದರು.

"ನನಗ ಈಗ ಸಣ್ಣ ಸದ್ದು ಕೇಳಂಗಿಲ್ರಿ. ರಾಣೆಬೆನ್ನೂರಿಗೆ ಒಯ್ರಿ, ತೌಹೀದ ಅದಾನ. ನನಗಿಂತ ಚಲೋ ಕೇಳತಾನ," ಎಂದೆ.

ಪ್ರಭುಲಿಂಗಪ್ಪನವರು ಬಾನೆಟ್ ಇಳಿಸಿದರು. "ಹೋದ ಸಲ ನೀವು ಬಂದಾಗನ ಗೊತ್ತಾತ್ರಿ. ನಿಮಗ ಹೆಂಗ ಹೇಳೂದು? ಬಾಯಿ ಬರಲಿಲ್ಲ," ಎಂದರು. ಆಮೇಲೆ ಎಂದಿನಂತೆ ಚಹಾ ತರಿಸಿದರು. ಯಾವ ಆಕಾಶವೂ ಬೀಳಲಿಲ್ಲ.

ಇಷ್ಟು ವರ್ಷ ಯಾರ್ಡಿಗೆ ಬಂದರೆ ನಾನು ಗಾಡಿಯ ಹತ್ತಿರವೇ ನಿಲ್ಲುತ್ತಿದ್ದೆ. ಇವತ್ತು ಉಚ್ಚಂಗೆವ್ವನ ಹಿಂದೆ ಹೋದೆ. ಅವಳು ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗಿನ ಬೀಜ ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಮದುವೆಯಾಗಿ ಮೂವತ್ತೇಳು ವರ್ಷ, ಇದನ್ನು ನಾನು ನೋಡಿಯೇ ಇರಲಿಲ್ಲ. ನಾನೂ ಒಂದು ಕಾಯಿ ಅಲ್ಲಾಡಿಸಿದೆ. ಏನೂ ಇಲ್ಲ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕೇಳಿ, "ಇದು ಹಸಿ," ಎಂದು ಎಸೆದು, ಬೇರೊಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ ಅಲ್ಲಾಡಿಸಿದಳು. ಬೀಜ ಆಡುವುದು ಕೈಗೆ ತಿಳಿಯಿತು.

ಆರು ಚೀಲ ಹೇರಿಕೊಂಡು ಹೊರಟೆವು. ಮನೆಗೆ ಬರುವವರೆಗೆ ಅವಳು ಕೇಳುತ್ತಿರಬೇಕು, ಸಿಡಿದರೆ ತಟ್ಟಬೇಕು ಎಂದು ಮಾತಾಗಿತ್ತು. ಹೈವೇ ಬ್ರಿಜ್ಜಿನ ಏರು ಬಂತು. ಮೂರನೆಯ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ. ತೋಳು ಅವಳ ಕಡೆಗೇ ಇಟ್ಟಿದ್ದೆ. ಅರ್ಧ ಏರು ಆಯಿತು, ತಟ್ಟಲಿಲ್ಲ. ಮುಕ್ಕಾಲು ಆಯಿತು. ಏನಾದರೂ ಅಂದಳೋ, ನನಗೆ ಕೇಳಿಸಲಿಲ್ಲವೋ ಎಂದು ತಿರುಗಿ ನೋಡಿದೆ.

ಉಚ್ಚಂಗೆವ್ವ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಹಾಗಾದರೆ ಇಂಜಿನ್ ಸರಿಯಾಗಿದೆ. ಅವಳಿಗೆ ಎಚ್ಚರವಾಗದ ಹಾಗೆ, ಗೇರು ಬದಲಿಸದೆ, ನಿಧಾನಕ್ಕೆ ಇಳಿಸಿಕೊಂಡು ಕರ್ಜಗಿಗೆ ಬಂದೆ.